ಹೊಳೆನರಸೀಪುರದ ಸ್ವಾಮಿಗಳು ಅವಿದ್ಯೆಯನ್ನು ವಿಚಾರಿಸಿದ ಬಗೆ

ಮಾನ್ಯ ಸಭಿಕರೇ,

ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ವಿಷಯವಾಗಿ ದಾವಣಗೆರೆಯ ಈ ಸಭೆಯಲ್ಲಿ ಮಾತನಾಡಬೇಕೆಂದಾಗ, ಜೀವನಚರಿತ್ರೆಗಿಂತ ಅವರು ಹೂಡಿದ ಒಂದು ವಾದವನ್ನೇ ನಿಮ್ಮ ಮುಂದಿಡುವುದು ಲೇಸೆಂದು ತೋರಿತು. ಸಂನ್ಯಾಸಕ್ಕೆ ಮೊದಲು ಅವರ ಹೆಸರು ಯಲ್ಲಂಬಳಸೆಯ ಸುಬ್ರಾಯಶರ್ಮ. 1880ರಲ್ಲಿ ಹುಟ್ಟಿದ ಅವರು 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವೆಂಬ ವೇದಾಂತಪ್ರಚಾರದ ಸಂಸ್ಥೆಯನ್ನು ಸ್ಥಾಪಿಸಿದರು. 1948ರಲ್ಲಿ ಸಂನ್ಯಾಸ ಸ್ವೀಕರಿಸಿ, 1975ರಲ್ಲಿ ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ದೇಹವಿಟ್ಟರು. ಸಂಸ್ಕೃತ ಬಾರದವರೂ ಶಂಕರಭಾಷ್ಯವನ್ನು ಕನ್ನಡದಲ್ಲಿ ಓದುವಂತಾದುದರಲ್ಲಿ ಅವರ ಪಾಲು ದೊಡ್ಡದು.

ಸಂನ್ಯಾಸಕ್ಕೆ ಬಹಳ ಮೊದಲೇ, 1929ರಲ್ಲಿ, ಅವರು 'ಮೂಲಾವಿದ್ಯಾನಿರಾಸ' ಎಂಬ ಸಂಸ್ಕೃತ ಗ್ರಂಥವನ್ನು ಪ್ರಕಟಿಸಿದರು. ಒಂದನ್ನು ಇನ್ನೊಂದೆಂದು ತಪ್ಪಾಗಿ ತಿಳಿಯುವ ಅಧ್ಯಾಸಕ್ಕೆ ಹಿನ್ನೆಲೆಯಾಗಿ, ಮಡಕೆಗೆ ಮಣ್ಣಿನಂತೆ ಅದರ ಉಪಾದಾನವಾಗಿ, ಭಾವರೂಪವಾದ, ಅಂದರೆ ಬರಿಯ ತಿಳಿವಿನ ಅಭಾವವಲ್ಲದ, ಮೂಲಾವಿದ್ಯೆ ಎಂಬ ಮೂಲ ಅಜ್ಞಾನವೊಂದಿದೆ ಎಂಬುದು ಅದ್ವೈತದ ವ್ಯಾಖ್ಯಾನ ಪರಂಪರೆಗಳಲ್ಲಿ ಒಂದಾದ ವಿವರಣ ಪ್ರಸ್ಥಾನದ ಮತ. ಸ್ವಾಮಿಗಳು ಇದನ್ನು ಒಪ್ಪಲಿಲ್ಲ. 'ತಮೇತಮೇವಂಲಕ್ಷಣಮಧ್ಯಾಸಂ ಪಂಡಿತಾ ಅವಿದ್ಯೇತಿ ಮನ್ಯಂತೇ' (ಇಂಥ ಈ ಅಧ್ಯಾಸವನ್ನೇ ಪಂಡಿತರು ಅವಿದ್ಯೆಯೆಂದು ಎಣಿಸುತ್ತಾರೆ) ಎಂದು ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಾದ ಅಧ್ಯಾಸಭಾಷ್ಯದಲ್ಲಿ ಶಂಕರರೇ ಹೇಳಿರುವಾಗ, ಆತ್ಮಾನಾತ್ಮಗಳನ್ನು ಒಂದರಲ್ಲೊಂದನ್ನು ಕಲಸಿ ತಿಳಿಯುವ ಈ ಅಧ್ಯಾಸಕ್ಕಿಂತ ಬೇರೆ ಅವಿದ್ಯೆಯನ್ನು ಏಕೆ ಕಲ್ಪಿಸಬೇಕು ಎಂಬುದು ಅವರ ಪ್ರಶ್ನೆ.

ವಾದದ ತಿರುಳಿರುವುದು ನಿದ್ದೆಯ ವಿಚಾರದಲ್ಲಿ. ನಮ್ಮೂರಿನ ಹತ್ತಿ ಗಿರಣಿಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮಧ್ಯಾಹ್ನ ಎದ್ದು, 'ಸುಖವಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ' ಎನ್ನುತ್ತಿದ್ದರು. ಆ 'ಏನೂ ಗೊತ್ತಾಗಲಿಲ್ಲ' ಎಂಬ ನೆನಪೇ ನಿದ್ದೆಯಲ್ಲಿ ಅಜ್ಞಾನವೆಂಬುದೊಂದು ಇತ್ತೆಂಬುದಕ್ಕೆ ಸಾಕ್ಷಿ ಎಂದು ವಿವರಣದವರು ವಾದಿಸುತ್ತಾರೆ. ಸ್ವಾಮಿಗಳ ಉತ್ತರ ಬೇರೆ: ಗೊತ್ತಾಗಲು ಎರಡನೆಯದೇ ಅಲ್ಲಿರಲಿಲ್ಲ, ಗೊತ್ತಾಗಲಿಲ್ಲವೆಂಬ ಲೆಕ್ಕವನ್ನು ಎಚ್ಚರವಾದ ಮೇಲೆ, ಎಚ್ಚರದ ದೃಷ್ಟಿಯಿಂದ, ನಾವು ಹಾಕುತ್ತೇವೆ. ನಿದ್ದೆಯನ್ನು ನಿದ್ದೆಯ ನೆಲೆಯಿಂದಲೇ ನೋಡಿದರೆ ಅವಿದ್ಯೆಯೂ ಇಲ್ಲ, ಅದರ ಬೀಜವೂ ಇಲ್ಲ. ಬೀಜದ ಮಾತು ಶಾಸ್ತ್ರದಲ್ಲಿ ಬಂದಲ್ಲೆಲ್ಲ ಅದನ್ನು ಅಧ್ಯಾರೋಪವೆಂದೇ, ಅಂದರೆ ಮುಂದೆ ಅಲ್ಲಗಳೆಯುವುದಕ್ಕಾಗಿ ಸದ್ಯಕ್ಕೆ ಒಪ್ಪಿಕೊಂಡದ್ದೆಂದೇ, ಓದಬೇಕೆಂದು ಅವರು ತಿಳಿಸಿದರು. ತರ್ಕಕ್ಕೂ ಶ್ರುತಿವಾಕ್ಯಕ್ಕೂ ಎಚ್ಚರ, ಕನಸು, ನಿದ್ದೆಗಳ ಸಾರ್ವತ್ರಿಕ ಅನುಭವವನ್ನೇ ಒರೆಗಲ್ಲಾಗಿ ಹಿಡಿದ ಈ ಪಟ್ಟು ನನಗೆ ಅವರ ಬರವಣಿಗೆಯಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಆಕ್ಷೇಪಗಳು ಬಾರದೆ ಇರಲಿಲ್ಲ. ವಿವರಣಕ್ಕೆ ಮೂಲವಾದ 'ಪಂಚಪಾದಿಕೆ'ಯು ಶಂಕರರ ಸಾಕ್ಷಾತ್ ಶಿಷ್ಯರಾದ ಪದ್ಮಪಾದರದೆಂದು ಸಂಪ್ರದಾಯ ಹೇಳುವುದರಿಂದ, ಗುರುವಿನ ಮನಸ್ಸು ಶಿಷ್ಯನಿಗಿಂತ ಇಪ್ಪತ್ತನೆಯ ಶತಮಾನದವರಿಗೆ ಹೆಚ್ಚು ತಿಳಿಯಿತೇ ಎಂದು ಪಂಡಿತರು ಕೇಳಿದರು. ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ವ್ಯಾಖ್ಯಾನ ಯಾರದೇ ಆಗಲಿ, ಅದನ್ನು ಭಾಷ್ಯದಿಂದ ಅಳೆಯಬೇಕೇ ಹೊರತು ಭಾಷ್ಯವನ್ನು ವ್ಯಾಖ್ಯಾನದಿಂದಲ್ಲ ಎಂಬ ನಿಲುವಿಗೆ ಸ್ವಾಮಿಗಳು ಕೊನೆಯವರೆಗೂ ಬದ್ಧರಾಗಿದ್ದರು. ಶಂಕರರ ಇನ್ನೊಬ್ಬ ಶಿಷ್ಯರಾದ ಸುರೇಶ್ವರರಲ್ಲಿ ತಮ್ಮ ಮತಕ್ಕೆ ಬೆಂಬಲ ಕಂಡು, ಇಳಿವಯಸ್ಸಿನಲ್ಲಿಯೂ ಅವರ 'ನೈಷ್ಕರ್ಮ್ಯಸಿದ್ಧಿ'ಗೆ 'ಕ್ಲೇಶಾಪಹಾರಿಣೀ' ಎಂಬ ಸಂಸ್ಕೃತ ವ್ಯಾಖ್ಯಾನವನ್ನು ಬರೆದರು.