ಯಾವ ಗುರು?

ಕೇಳುಗರಿಗೆ ನಮಸ್ಕಾರ.

‘ಗುರು ಇವತ್ತು ಚೆನ್ನಾಗಿ ಕಾಣ್ತಿದ್ದಾನೆ’ ಅಂತ ಯಾರೋ ಅಂದರು ಅಂದುಕೊಳ್ಳಿ. ಅವರು ಆಕಾಶ ನೋಡುತ್ತಿದ್ದರೆ ಅದು ಗ್ರಹ. ಬಾಗಿಲ ಕಡೆ ನೋಡುತ್ತಿದ್ದರೆ ಆ ಹೆಸರಿನ ಗೆಳೆಯ. ನಮಗೆ ಇದು ಸಲೀಸು. ಕಂಪ್ಯೂಟರಿಗೆ ಮಾತ್ರ ‘ಗುರು’ ಅಂದರೆ ಬರೀ ಎರಡಕ್ಷರ.

ವೆಬ್ ಪುಟಗಳನ್ನು ಬರೆಯುವುದೇ ಮನುಷ್ಯರು ಓದಲಿ ಅಂತ. ಇದು ತಲೆಬರಹ, ಇದು ಚಿತ್ರ ಅನ್ನುವುದಷ್ಟೇ ಯಂತ್ರಕ್ಕೆ ಗೊತ್ತು. ತಲೆಬರಹದಲ್ಲಿರುವುದು ಗ್ರಹವೋ ಗೆಳೆಯನೋ, ಅದಕ್ಕೇನು ಗೊತ್ತು? ವೆಬ್ಬನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಅವರೇ ಈ ಕೊರತೆಯ ಬೆನ್ನುಹತ್ತಿದರು. 2001ರಲ್ಲಿ ಜೇಮ್ಸ್ ಹೆಂಡ್ಲರ್, ಓರಾ ಲಸಿಲ ಜೊತೆ ಸೇರಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದರು: ಯಂತ್ರಗಳಿಗೂ ಅರ್ಥವಾಗುವ ವೆಬ್ ಬೇಕು. ಅದೇ ಸಿಮ್ಯಾಂಟಿಕ್ ವೆಬ್.

‘ಅರ್ಥ’ ಅನ್ನುವುದು ದೊಡ್ಡ ಮಾತಾಯಿತು. ಒಳಗಿನ ಉಪಾಯ ಸಣ್ಣದು. ಮೊದಲಿಗೆ, ಪ್ರತಿಯೊಂದಕ್ಕೂ ಅದರದ್ದೇ ಗುರುತು ಕೊಡುವುದು. ವಿಕಿಡೇಟಾ ಅನ್ನುವ ಮುಕ್ತ ಮಾಹಿತಿಕೋಶದಲ್ಲಿ ಗುರುಗ್ರಹದ ಗುರುತು ಕ್ಯೂ 319. ಪಾಠ ಹೇಳುವ ಗುರುವಿಗೆ ಬೇರೆಯೇ ನಂಬರು. ಗೊಂದಲ ಅಲ್ಲಿಗೆ ಮುಗಿಯಿತು, ಅಲ್ವಾ?

ಆಮೇಲೆ ಗೊತ್ತಿರುವುದನ್ನೆಲ್ಲ ಮೂರು ತುಂಡಿನ ಮಾತಾಗಿ ಬರೆಯುವುದು. ಗ್ಯಾನಿಮಿಡ್ ಅನ್ನುವ ಉಪಗ್ರಹವನ್ನೇ ತೆಗೆದುಕೊಳ್ಳಿ. ಗ್ಯಾನಿಮಿಡ್, ಸುತ್ತುವುದು, ಗುರುವನ್ನು. ಗ್ಯಾನಿಮಿಡ್, ಕಂಡುಹಿಡಿದವರು, ಗೆಲಿಲಿಯೊ. ಗೆಲಿಲಿಯೊ, ಹುಟ್ಟಿದ ಊರು, ಪೀಸಾ. ಹೀಗೆ ಬರೆಯುವ ಕ್ರಮಕ್ಕೆ ಆರ್‌ಡಿಎಫ್ ಅಂತ ಹೆಸರು. 1999ರಲ್ಲೇ ಅದು ವೆಬ್ಬಿನ ಮಾನದಂಡವಾಯಿತು.

ಮಜಾ ಇರುವುದು ಮುಂದೆ. ಈ ಮೂರು ಮಾತನ್ನು ಮೂರು ಬೇರೆ ಬೇರೆ ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬರೆದಿರಬಹುದು. ‘ಪೀಸಾದಲ್ಲಿ ಹುಟ್ಟಿದವರು ಕಂಡುಹಿಡಿದ ಉಪಗ್ರಹಗಳು ಯಾವುವು?’ ಅಂತ ಸ್ಪಾರ್ಕಲ್ ಅನ್ನುವ ಪ್ರಶ್ನೆಭಾಷೆಯಲ್ಲಿ ಕೇಳಿ. ಗೆಲಿಲಿಯೊ ಕಂಡ ಉಳಿದ ಉಪಗ್ರಹಗಳ ಬಗ್ಗೆಯೂ ಹೀಗೇ ಬರೆದಿದ್ದರೆ, ಯಂತ್ರ ತುಂಡುಗಳನ್ನು ಪೋಣಿಸಿ ಅಯೊ, ಯುರೋಪಾ, ಗ್ಯಾನಿಮಿಡ್, ಕ್ಯಾಲಿಸ್ಟೊ ಹೆಸರುಗಳನ್ನು ಮುಂದಿಡುತ್ತದೆ. ಆ ಉತ್ತರವನ್ನು ಯಾರೂ ಎಲ್ಲೂ ಹಾಗೇ ಬರೆದಿಟ್ಟಿರಬೇಕಿಲ್ಲ.

‘ಉಪಗ್ರಹವೆಲ್ಲ ಆಕಾಶಕಾಯ’ ಅನ್ನುವಂಥ ನಿಯಮ ಬರೆಯುವುದಕ್ಕೆ ಇನ್ನೊಂದು ಭಾಷೆ ಇದೆ, ಆವ್ಲ್. ವೆಬ್ ಆಂಟಾಲಜಿ ಲ್ಯಾಂಗ್ವೇಜ್ ಅನ್ನುವುದರ ಇಂಗ್ಲಿಷ್ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ ‘ಗೂಬೆ’ ಮಾಡಿಟ್ಟಿದ್ದಾರೆ, ಇರಲಿ.

ಕನಸು ನಿಜವಾಯಿತೇ? ಪೂರ್ತಿ ಇಲ್ಲ. ನಮ್ಮ ಪರವಾಗಿ ವೆಬ್ಬೆಲ್ಲ ಸುತ್ತಿ ಡಾಕ್ಟರ ಅಪಾಯಿಂಟ್‌ಮೆಂಟ್ ಗೊತ್ತುಮಾಡುವ ತಂತ್ರಾಂಶಗಳನ್ನು ಆ ಲೇಖನ ಊಹಿಸಿತ್ತು. ಆದರೆ ಕೋಟಿಗಟ್ಟಲೆ ಪುಟಗಳಿಗೆ ಕೂತು ಗುರುತು ಅಂಟಿಸುವವರು ಯಾರು? ಸುಮ್ನೆ ಯಾರೂ ಮಾಡಲಿಲ್ಲ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಇಂಥ ಗುರುತುಗಳಿಗೆ ಸ್ಕೀಮಾ ಡಾಟ್ ಆರ್ಗ್ ಅನ್ನುವ ಒಂದೇ ಪದಪಟ್ಟಿ ತಂದ ಮೇಲೆ ಜನಕ್ಕೆ ಆಸೆ ಹುಟ್ಟಿತು: ಗುರುತು ಹಾಕಿದರೆ ಹುಡುಕಾಟದಲ್ಲಿ ನಮ್ಮ ಪುಟ ಎದ್ದು ಕಾಣಬಹುದು! ಮರುವರ್ಷ ವಿಕಿಡೇಟಾ ಬಂತು. ಕನಸಿನಲ್ಲಿ ಗೆದ್ದದ್ದು ಈ ಸಣ್ಣ ತುಂಡು. ನನ್ನ ಮಟ್ಟಿಗೆ ಜಾಸ್ತಿ ಕೆಲಸಕ್ಕೆ ಬಂದದ್ದೂ ಅದೇ.

ಒಂದು ಮಾತು ಉಳಿಯಿತು. ಪೋಣಿಸುವುದು ಯಂತ್ರಕ್ಕೆ ಬರುತ್ತದೆ, ಅನುಮಾನಪಡುವುದು ಬರುವುದಿಲ್ಲ. ಪೀಸಾ ಬದಲು ರೋಮ್ ಅಂತ ಯಾರೋ ಬರೆದಿಟ್ಟರೆ, ಅದೇ ಪ್ರಶ್ನೆ ಕೇಳಿದಾಗ ಆ ನಾಲ್ಕೂ ಉಪಗ್ರಹಗಳು ಪಟ್ಟಿಯಿಂದ ಮಾಯ.

ನಮಸ್ಕಾರ.