ಸಿಂಹಹೃದಯಿ ರಿಚರ್ಡ್ ಗೊತ್ತು, ಅವನ ಅಮ್ಮ ಗೊತ್ತಾ?

ನಮಸ್ಕಾರ. ಲಂಡನ್ನಿನ ಪಾರ್ಲಿಮೆಂಟ್ ಭವನದ ಹೊರಗೆ ಒಂದು ಕಂಚಿನ ಪ್ರತಿಮೆ ಇದೆ. ಕುದುರೆ ಮೇಲೆ ಕೂತು ಕತ್ತಿ ಎತ್ತಿ ಹಿಡಿದಿರುವ ರಾಜ, ಒಂದನೇ ರಿಚರ್ಡ್. ಸಿಂಹಹೃದಯಿ ಅಂತ ಹೆಸರಾದವನು. ಹತ್ತು ವರ್ಷ ರಾಜನಾಗಿದ್ದ, ಅದರಲ್ಲಿ ಇಂಗ್ಲೆಂಡಿನಲ್ಲಿ ಇದ್ದದ್ದು ಸುಮಾರು ಆರು ತಿಂಗಳು ಅಷ್ಟೇ. ಹಾಗಾದರೆ ಅವನ ಪಟ್ಟ ಉಳಿದದ್ದು ಹೇಗೆ? ಬಹಳ ಮಟ್ಟಿಗೆ ಅವನ ತಾಯಿ ಎಲಿನರ್‌ಳಿಂದ. ರಿಚರ್ಡ್‌ನ ಮನೆತನವಾದ ಪ್ಲಾಂಟಾಜೆನೆಟ್ ವಂಶದ ಕತೆ ಹೇಳುವಾಗ ಆಕೆಯನ್ನು ಬರೀ ರಾಣಿ, ರಾಜಮಾತೆ ಅಂತ ಒಂದು ಸಾಲಿನಲ್ಲಿ ಮುಗಿಸೋದು ದೊಡ್ಡ ಅನ್ಯಾಯ.

ಈ ವಂಶದ ಬೇರು ಫ್ರಾನ್ಸಿನಲ್ಲಿದೆ. ಆಂಜೂ ಪ್ರಾಂತ್ಯದ ದೊರೆ ಜೆಫ್ರಿ ಇಂಗ್ಲೆಂಡಿನ ರಾಜನ ಮಗಳು ಮಟಿಲ್ಡಾಳನ್ನು ಮದುವೆಯಾದ. ಅವರ ಮಗ ಎರಡನೇ ಹೆನ್ರಿ 1154ರಲ್ಲಿ ಇಂಗ್ಲೆಂಡಿನ ರಾಜನಾದ. ಅಲ್ಲಿಂದ 1485ರವರೆಗೆ ಕಿರೀಟ ಈ ಮನೆತನದಲ್ಲೇ ಇತ್ತು.

ಎಲಿನರ್ ಸುಮ್ನೆ ಸೊಸೆಯಾಗಿ ಬಂದವಳಲ್ಲ. ನೈರುತ್ಯ ಫ್ರಾನ್ಸಿನ ಅಕ್ವಿಟೇನ್ ಆಕೆಗೆ ಅಪ್ಪನಿಂದ ಬಂದ ರಾಜ್ಯ. ಫ್ರಾನ್ಸಿನ ರಾಜ ಏಳನೇ ಲೂಯಿ ಜೊತೆಗಿನ ಮದುವೆ 1152ರ ಮಾರ್ಚಿನಲ್ಲಿ ರದ್ದಾಯಿತು. ಮೇ ತಿಂಗಳಲ್ಲಿ ಹೆನ್ರಿಯನ್ನು ಮದುವೆಯಾದಳು. ಹೆನ್ರಿಯ ಆಳ್ವಿಕೆ ಸ್ಕಾಟ್ಲೆಂಡಿನ ಗಡಿಯಿಂದ ಪಿರನೀಸ್ ಬೆಟ್ಟಗಳವರೆಗೆ ಹರಡಿತು ಅಂತ ಹೊಗಳುತ್ತಾರಲ್ಲ, ಅದರ ದಕ್ಷಿಣದ ದೊಡ್ಡ ಪಾಲು ಈಕೆ ತಂದದ್ದು.

1173ರಲ್ಲಿ ಮಕ್ಕಳು ಅಪ್ಪನ ವಿರುದ್ಧ ತಿರುಗಿಬಿದ್ದರು. ಎಲಿನರ್ ಮಕ್ಕಳ ಪರ ನಿಂತಳು. ಹೆನ್ರಿ ಹಿಡಿದು ಸೆರೆಯಲ್ಲಿಟ್ಟ. 1189ರಲ್ಲಿ ಅವನು ಸಾಯೋವರೆಗೂ ಆಕೆಗೆ ಬಿಡುಗಡೆ ಇರಲಿಲ್ಲ. ಹದಿನೈದು ವರ್ಷಕ್ಕೂ ಜಾಸ್ತಿ! ಹೊರಗೆ ಬರುವಾಗ ವಯಸ್ಸು ಅರವತ್ತೈದರ ಆಸುಪಾಸು. ಯಾರಾದರೂ ಒಂದು ಮೂಲೆಯಲ್ಲಿ ಕೂತುಬಿಡುತ್ತಿದ್ದರು, ಅಲ್ವಾ? ನನ್ನ ಪ್ರಕಾರ ಆಕೆಯ ನಿಜವಾದ ರಾಜಕೀಯ ಶುರುವಾಗಿದ್ದೇ ಆಮೇಲೆ.

1192ರ ಡಿಸೆಂಬರಿನಲ್ಲಿ, ಕ್ರುಸೇಡ್ ಅನ್ನೋ ಧರ್ಮಯುದ್ಧ ಮುಗಿಸಿ ವಾಪಸ್ ಬರುತ್ತಿದ್ದ ರಿಚರ್ಡ್ ವಿಯೆನ್ನಾ ಹತ್ತಿರ ಸಿಕ್ಕಿಬಿದ್ದ. ಅವನನ್ನು ಬಿಡೋಕೆ ಜರ್ಮನ್ ಚಕ್ರವರ್ತಿ ಆರನೇ ಹೆನ್ರಿ ಕೇಳಿದ್ದು 1,50,000 ಮಾರ್ಕ್. ಇವತ್ತಿನ ತೂಕದಲ್ಲಿ 30 ಟನ್ನಿಗೂ ಜಾಸ್ತಿ ಬೆಳ್ಳಿ. ಎಲ್ಲಿಂದ ತರೋದು? ಜನರ ಆದಾಯದಲ್ಲಿ, ಆಸ್ತಿಯಲ್ಲಿ ಕಾಲು ಭಾಗ ತೆರಿಗೆ ಬಿತ್ತು. ಚರ್ಚುಗಳು ಬೆಳ್ಳಿ ಪಾತ್ರೆ ಕೊಟ್ಟವು. ಸಿಸ್ಟರ್ಷಿಯನ್ ಅನ್ನೋ ಕ್ರೈಸ್ತ ಸನ್ಯಾಸಿ ಪಂಥದ ಮಠಗಳು ಒಂದು ವರ್ಷದ ಉಣ್ಣೆಯನ್ನೇ ಕೊಟ್ಟವು. ಕೂಡಿಸಿದ ಹಣವನ್ನು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಪೆಟ್ಟಿಗೆಗಳಲ್ಲಿಟ್ಟು ಮುದ್ರೆ ಹಾಕಿದರು. ಒಂದು ಮುದ್ರೆ ಫ್ರಾನ್ಸಿನ ರುವಾನ್ ನಗರದ ಆರ್ಚ್‌ಬಿಷಪ್‌ನದು, ಇನ್ನೊಂದು ಎಲಿನರ್‌ಳದು. ಇದಕ್ಕೆ ಬೆವರು ಸುರಿಸಿದ ಬಡವರನ್ನು ಮರೆಯಬಾರದು. ಆ ರಾಜ ಅವರ ಊರಲ್ಲಿ ಇದ್ದವನೂ ಅಲ್ಲ.

ಇದೇ ಹೊತ್ತಿನಲ್ಲಿ ಕಿರಿಯ ಮಗ ಜಾನ್, ಫ್ರಾನ್ಸಿನ ರಾಜ ಫಿಲಿಪ್ ಜೊತೆ ಸೇರಿಕೊಂಡು, ಅಣ್ಣನನ್ನು ಒಳಗೇ ಇಟ್ಟುಕೊಳ್ಳಿ, ನಾವು ದುಡ್ಡು ಕೊಡ್ತೀವಿ ಅಂತ ಚಕ್ರವರ್ತಿಗೆ ಹೇಳಿಕಳಿಸಿದ! ಒಬ್ಬ ಮಗ ಸೆರೆಯಲ್ಲಿ, ಇನ್ನೊಬ್ಬ ದ್ರೋಹದಲ್ಲಿ. ತಾಯಿ ಎದೆಗುಂದಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ, ಚಳಿಗಾಲದಲ್ಲಿ, ಸಮುದ್ರ ದಾಟಿ ಜರ್ಮನಿಗೆ ಹೋದಳು. 1194ರ ಫೆಬ್ರವರಿಯಲ್ಲಿ ಮೈಂಟ್ಸ್ ನಗರದಲ್ಲಿ ಮಗನನ್ನು ಬಿಡಿಸಿಕೊಂಡಳು.

ರಿಚರ್ಡ್ 1199ರಲ್ಲಿ ಬಾಣದ ಗಾಯದಿಂದ ಸತ್ತ. ಆಗ ಆಕೆ ಅದೇ ಜಾನ್‌ನ ಬೆನ್ನಿಗೆ ನಿಂತಳು. ಅದು ಸರಿಯೋ ತಪ್ಪೋ ಅಂತ ವಾದ ಮಾಡಬಹುದು. ಆದರೆ ಮುಂದಿನ ವರ್ಷ ಮಾಡಿದ್ದನ್ನು ನೋಡಿ. ಫ್ರಾನ್ಸ್ ಜೊತೆ ರಾಜಿಯಾಗಲಿ ಅಂತ, ಎಂಬತ್ತಕ್ಕೆ ಹತ್ತಿರವಿದ್ದ ಈ ಅಜ್ಜಿ ಸ್ಪೇನಿನ ಕ್ಯಾಸ್ಟೀಲ್‌ಗೆ ಹೋಗಿ ಮೊಮ್ಮಗಳು ಬ್ಲಾಂಚ್‌ಳನ್ನು ಕರೆತಂದಳು. ಬ್ಲಾಂಚ್ ಫ್ರಾನ್ಸಿನ ಯುವರಾಜನ ಕೈಹಿಡಿದಳು. 1226ರಲ್ಲಿ ಗಂಡ ತೀರಿಕೊಂಡಾಗ, ಚಿಕ್ಕ ಹುಡುಗನಾಗಿದ್ದ ಮಗ ಒಂಬತ್ತನೇ ಲೂಯಿಯ ಪರವಾಗಿ ಫ್ರಾನ್ಸನ್ನು ಆಳಿದವಳು ಇದೇ ಬ್ಲಾಂಚ್.