ಪರದೆ ಕಟ್ಟುವ ಮೊದಲು ಬೇಕಲಕ್ಕೆ ಹೋಗಿ

ನಮಸ್ಕಾರ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಮಕ್ಕಳ ಜೊತೆ ನಾನು ಮೊದಲ ಬಾರಿ ಹಸಿರು ಪರದೆಯ ಮುಂದೆ ಚಿತ್ರೀಕರಿಸಿದ ದೃಶ್ಯ ಒಂದೂವರೆ ನಿಮಿಷದ್ದು. ಬೇಕಲ ಕೋಟೆಯ ಮೇಲೆ ಯಕ್ಷಗಾನದ ರಾಜವೇಷ ನಿಂತು ಸಮುದ್ರವನ್ನು ನೋಡುತ್ತದೆ, ಇತ್ತ ತಿರುಗಿ ಎರಡು ಮಾತು ಆಡುತ್ತದೆ, ಅಷ್ಟೆ. ನಾವು ಒಂದು ವಾರ ಕಂಪ್ಯೂಟರಿನ ಮುಂದೆ ಕುಳಿತು ಹಸಿರನ್ನು ಕೂದಲೆಳೆಯಷ್ಟೂ ಉಳಿಯದಂತೆ ತೆಗೆದು, ಆ ಜಾಗದಲ್ಲಿ ಕೋಟೆಯ ಚಿತ್ರವನ್ನು ಕೂಡಿಸಿದ್ದೆವು. ಶಾಲೆಯಲ್ಲಿ ತೋರಿಸಿದಾಗ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಪಕ್ಕದಲ್ಲಿದ್ದ ಟೀಚರನ್ನು ಕೇಳಿದಳು: "ಆ ಅಣ್ಣ ಯಾಕೆ ಫೋಟೋದ ಎದುರು ನಿಂತದ್ದು?"

ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕೋಟೆಯ ಚಿತ್ರದಲ್ಲಿ ಬಿಸಿಲು ಎಡದಿಂದ ಬೀಳುತ್ತಿತ್ತು, ನಮ್ಮ ರಾಜನ ಮುಖಕ್ಕೆ ಬೆಳಕು ಬಲದಿಂದ ಬಿದ್ದಿತ್ತು. ಕೋಟೆಯದ್ದು ಸಂಜೆಯ ಹೊಂಬಣ್ಣ, ರಾಜನದ್ದು ಟ್ಯೂಬ್‌ಲೈಟಿನ ಬಿಳಿಚು. ಅಂಚು ಎಷ್ಟೇ ನಯವಾಗಿದ್ದರೂ ಇಬ್ಬರೂ ಒಂದೇ ಲೋಕದಲ್ಲಿ ಇಲ್ಲವೆಂಬುದನ್ನು ಆ ಮಗುವಿನ ಕಣ್ಣು ಒಂದೇ ಕ್ಷಣದಲ್ಲಿ ಹಿಡಿಯಿತು. ಆದ್ದರಿಂದ ಇಂದು ನಾನು ಒಂದೇ ವಿಷಯವನ್ನು ಒತ್ತಿ ಹೇಳಬೇಕೆಂದಿದ್ದೇನೆ: ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನು ಕಲಿಸುವವರು ಹಸಿರು ಬಟ್ಟೆಯಿಂದ ಆರಂಭಿಸಬಾರದು. ಹಿನ್ನೆಲೆಯನ್ನು ಮೊದಲು ಚಿತ್ರೀಕರಿಸಬೇಕು, ಅಲ್ಲಿನ ಬೆಳಕನ್ನು ಬರೆದುಕೊಳ್ಳಬೇಕು, ಆ ಟಿಪ್ಪಣಿ ಕೈಯಲ್ಲಿರುವಾಗ ಮಾತ್ರ ಪರದೆ ಕಟ್ಟಬೇಕು.

ನಮ್ಮಲ್ಲಿ ಸಾಧನಗಳ ಕೊರತೆ ಈಗ ಮೊದಲಿನಷ್ಟಿಲ್ಲ. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್ ಘಟಕಗಳಿವೆ, ಹೈಟೆಕ್ ಶಾಲಾ ಯೋಜನೆಯಲ್ಲಿ ಶಾಲೆಗಳಿಗೆ ಡಿಎಸ್‌ಎಲ್‌ಆರ್ ಕ್ಯಾಮೆರಾಗಳೂ ಬಂದಿವೆ. ಕೆಡೆನ್‌ಲೈವ್, ಬ್ಲೆಂಡರ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ವೀಡಿಯೋ ಸಂಕಲನದ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯ ಫ್ಯೂಷನ್ ವಿಭಾಗದಲ್ಲಿ ಡೆಲ್ಟಾ ಕೀಯರ್ ಎಂಬ, ಹಸಿರನ್ನು ತೆಗೆಯುವ ಒಳ್ಳೆಯ ಸಾಧನವಿದೆ. ಬೇಕಲದಂತಹ ಸ್ಥಳಕ್ಕೆ ಹಸಿರು ಪರದೆ ಬೇಕಾಗುವುದಕ್ಕೂ ನ್ಯಾಯವಾದ ಕಾರಣವಿದೆ. ಅದು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ವೇಷಧಾರಿಗಳನ್ನೂ ದೀಪಗಳನ್ನೂ ಕರೆದೊಯ್ದು ಅನುಮತಿಯಿಲ್ಲದೆ ಚಿತ್ರೀಕರಣ ನಡೆಸುವಂತಿಲ್ಲ. ಹಿನ್ನೆಲೆಯೊಂದನ್ನು ಪಡೆದುಕೊಂಡು ಬಂದರೆ ಉಳಿದದ್ದನ್ನು ತರಗತಿಯಲ್ಲೇ ಮಾಡಬಹುದು.

ಆ ಹಿನ್ನೆಲೆಯನ್ನು ಪಡೆಯುವ ದಿನ ಏನನ್ನು ಬರೆದುಕೊಳ್ಳಬೇಕು? ನೀವು ಡಿಸೆಂಬರ್ ತಿಂಗಳ ಸಂಜೆ 5 ಗಂಟೆಗೆ ಕೋಟೆಯ ಮೇಲೆ ಉತ್ತರಕ್ಕೆ ಮುಖಮಾಡಿ ಕ್ಯಾಮೆರಾ ಇಟ್ಟಿದ್ದೀರಿ ಎಂದುಕೊಳ್ಳೋಣ. ಸಮುದ್ರ ನಿಮ್ಮ ಎಡಕ್ಕಿದೆ. ಸೂರ್ಯ ಎಡಗಡೆಯಲ್ಲಿ, ನಿಮ್ಮ ಬೆನ್ನಿನ ಕಡೆಗೆ ಸ್ವಲ್ಪ ಸರಿದು, ತೀರ ಕೆಳಗೆ ಇಳಿದಿದ್ದಾನೆ. ಮೇಲಿನಿಂದ ಆಕಾಶದ ನೀಲಿ ಬೆಳಕು ತೆಳುವಾಗಿ ಬೀಳುತ್ತಿದೆ. ಇದರ ಜೊತೆಗೆ ಹೆಚ್ಚಿನವರು ಗಮನಿಸದ ಮೂರನೆಯ ಬೆಳಕೊಂದಿದೆ: ಬೇಕಲ ಮುರಕಲ್ಲಿನ ಕೋಟೆ, ಆ ಕೆಂಪು ಕಲ್ಲಿಗೆ ತಾಗಿದ ಬಿಸಿಲು ಕೆಂಪಾಗಿ ಹಿಂತಿರುಗಿ ನಿಂತವರ ಗಲ್ಲದ ಅಡಿಗೂ ಅಂಗೈಗೂ ಬರುತ್ತದೆ. ತರಗತಿಗೆ ಮರಳಿದ ಮೇಲೆ ನಟನ ಕಾಲಬುಡದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ, ಒಂದು ಇಟ್ಟಿಗೆ ಬಣ್ಣದ ಬಟ್ಟೆ ಹಾಸಿ ಅದರ ಮೇಲೆ ಬೆಳಕು ಬೀಳುವಂತೆ ಮಾಡಿ ನೋಡಿ. ಯಾವ ತಂತ್ರಾಂಶವೂ ಕೊಡಲಾರದ ನಿಜ ಆ ಮುಖಕ್ಕೆ ಬರುತ್ತದೆ. ನಾನು ಅದನ್ನು ಮೊದಲ ಬಾರಿ ಕಂಡ ದಿನ ಮಕ್ಕಳಿಗಿಂತ ಹೆಚ್ಚು ಹಿಗ್ಗಿದ್ದೆ.

ಕ್ಯಾಮೆರಾದ ಎತ್ತರವನ್ನೂ ಬರೆದುಕೊಳ್ಳಿ. ಸಮುದ್ರ ಕಾಣುವ ಚಿತ್ರದಲ್ಲಿ ಇದು ಇನ್ನಷ್ಟು ಮುಖ್ಯ, ಏಕೆಂದರೆ ಕಡಲು ಮತ್ತು ಆಕಾಶ ಕೂಡುವ ಗೆರೆ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಹಾದುಹೋಗುತ್ತದೆ. ನೆಲದಿಂದ 5 ಅಡಿ ಎತ್ತರದಲ್ಲಿ ಕ್ಯಾಮೆರಾ ಇಟ್ಟು ಕಡಲನ್ನು ತೆಗೆದಿದ್ದರೆ, ಅದೇ ನೆಲದ ಮೇಲೆ ನಿಂತ ಐದೂವರೆ ಅಡಿಯ ಮನುಷ್ಯನ ಬಾಯಿ ಗಲ್ಲಗಳ ಹತ್ತಿರ ಆ ಗೆರೆ ಬರಬೇಕು. ತರಗತಿಯಲ್ಲಿ ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಿ ಅವನನ್ನು ಚಿತ್ರೀಕರಿಸಿದಿರೋ, ಅವನು ಕೋಟೆಯ ಮೇಲೆ ನಿಂತಂತೆ ಕಾಣುವುದಿಲ್ಲ, ಗಾಳಿಯಲ್ಲಿ ತೇಲಿದಂತೆ ಕಾಣುತ್ತಾನೆ. ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲವೆಂದು ಮಾತ್ರ ಖಂಡಿತ ಅನ್ನಿಸುತ್ತದೆ.

ಈಗ ತರಗತಿಗೆ ಬರೋಣ. 20 ಅಡಿ ಉದ್ದದ ಕೊಠಡಿಯೊಂದು ಸಿಕ್ಕರೆ ಗೋಡೆಗೆ ಪರದೆ, ಅಲ್ಲಿಂದ 8 ಅಡಿ ಮುಂದೆ ನಟ, ಅವನಿಂದ ಮತ್ತೆ 8ರಿಂದ 10 ಅಡಿ ದೂರದಲ್ಲಿ ಕ್ಯಾಮೆರಾ. ನಟನನ್ನು ಪರದೆಯಿಂದ ದೂರ ನಿಲ್ಲಿಸಬೇಕಾದ ಕಾರಣ ನಮ್ಮ ಊರಿನವರಿಗೆ ಸುಲಭವಾಗಿ ಅರ್ಥವಾಗಬೇಕು. ಆಟಿ ತಿಂಗಳ ಮಳೆಯಲ್ಲಿ ಜಗಲಿಯ ಅಂಚಿಗೆ ನಿಂತವನ ಮೇಲೆ ಎರಚಲು ಬೀಳುವಂತೆ, ಬೆಳಗಿದ ಹಸಿರು ಬಟ್ಟೆಯ ಹತ್ತಿರ ನಿಂತವನ ಹೆಗಲಿಗೂ ಕೆನ್ನೆಗೂ ಹಸಿರು ಬೆಳಕು ಸಿಡಿಯುತ್ತದೆ. ತಂತ್ರಜ್ಞರು ಇದನ್ನು ಸ್ಪಿಲ್ ಎನ್ನುತ್ತಾರೆ. ನಾನು ಮಕ್ಕಳಿಗೆ ಎರಚಲು ಎಂದೇ ಹೇಳಿಕೊಡುತ್ತೇನೆ, ಆ ಮಾತು ಕೇಳಿದೊಡನೆ ಅವರು ತಾವಾಗಿಯೇ ಎರಡು ಹೆಜ್ಜೆ ಮುಂದೆ ಬರುತ್ತಾರೆ. ಬಟ್ಟೆ ಹತ್ತಿಯದಾಗಿರಲಿ, ಸ್ಯಾಟಿನ್‌ನಂತೆ ಹೊಳೆಯುವುದು ಬೇಡ. ಇಸ್ತ್ರಿ ಹಾಕಿ, ನಾಲ್ಕೂ ಕಡೆ ಎಳೆದು ಕ್ಲಿಪ್ಪು ಹಾಕಿ ಕಟ್ಟಬೇಕು.

ಪರದೆಯ ಬೆಳಕೇ ಬೇರೆ, ನಟನ ಬೆಳಕೇ ಬೇರೆ. ಪರದೆಗೆ ಒಂದೇ ಕಂಪೆನಿಯ, ಒಂದೇ ಬಣ್ಣದ ನಾಲ್ಕು ಅಡಿಯ ಎಲ್‌ಇಡಿ ಟ್ಯೂಬುಗಳನ್ನು ಎಡಬಲಗಳಲ್ಲಿ ಲಂಬವಾಗಿ ನಿಲ್ಲಿಸಿದರೆ ಸಾಕು, ದುಬಾರಿ ದೀಪಗಳು ಬೇಡ. ಬೆಳಕು ಸಮವಾಗಿದೆಯೇ ಎಂದು ಕಣ್ಣಂದಾಜಿನಿಂದ ತೀರ್ಮಾನಿಸಬೇಡಿ, ಏಕೆಂದರೆ ನಮ್ಮ ಕಣ್ಣು ಏರುಪೇರನ್ನು ತಾನೇ ಸರಿಪಡಿಸಿಕೊಂಡು ನೋಡುತ್ತದೆ. ಖಾಲಿ ಪರದೆಯನ್ನು 10 ಸೆಕೆಂಡು ಚಿತ್ರೀಕರಿಸಿ ರಿಸಾಲ್ವ್‌ನಲ್ಲಿ ವೇವ್‌ಫಾರ್ಮ್ ಎಂಬ ಬೆಳಕಿನ ನಕ್ಷೆ ತೆರೆಯಿರಿ. ಬೆಳಕು ಸಮವಾಗಿದ್ದರೆ ಪರದೆ ಅಲ್ಲಿ ತೆಳುವಾದ ನೇರ ಗೆರೆಯಂತೆ ಕಾಣುತ್ತದೆ, ಒಂದು ಮೂಲೆ ಕಪ್ಪಾಗಿದ್ದರೆ ಗೆರೆ ಅಲ್ಲಿ ಬಾಗುತ್ತದೆ, ಬಟ್ಟೆ ಸುಕ್ಕಾಗಿದ್ದರೆ ದಪ್ಪವಾಗಿ ಹರಡಿಕೊಳ್ಳುತ್ತದೆ. ಆ ಗೆರೆ ಅಳತೆಯ ನಡುಭಾಗದಲ್ಲಿ, ಸುಮಾರು ಶೇಕಡಾ 40ರಿಂದ 50ರ ನಡುವೆ ಇದ್ದರೆ ಕೆಲಸ ಸುಲಭ. ಪರದೆಯನ್ನು ಅದಕ್ಕಿಂತ ಬಹಳ ಹೆಚ್ಚು ಬೆಳಗಿಸಿದರೆ ಹಸಿರು ಬಿಳಿಚುತ್ತದೆ, ಎರಚಲೂ ಹೆಚ್ಚುತ್ತದೆ.

ನಟನ ಮೇಲಿನ ದೀಪದ ವಿಚಾರದಲ್ಲಿ ನಾವು ಮಾಡಿದ ತಪ್ಪನ್ನು ಹೇಳಲೇಬೇಕು. ಬೆಳಕು ಸಾಲದೆಂದು ದೀಪವನ್ನು ನಟನಿಗೆ 3 ಅಡಿಯಷ್ಟು ಹತ್ತಿರ ತಂದಿದ್ದೆವು. ರಾಜ ಮಾತನಾಡುತ್ತ ದೀಪದ ಕಡೆಗೆ ಕೈ ಚಾಚಿದಾಗಲೆಲ್ಲ ಆ ಕೈ ಬೆಳ್ಳಗೆ ಉರಿದುಹೋಗುತ್ತಿತ್ತು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ: 3 ಅಡಿ ದೂರದ ದೀಪದ ಕಡೆಗೆ ಕೈ 1 ಅಡಿ ಮುಂದೆ ಹೋದರೆ ಅದರ ಮೇಲೆ ಎರಡೂಕಾಲು ಪಟ್ಟು ಬೆಳಕು ಬೀಳುತ್ತದೆ, ದೀಪ 12 ಅಡಿ ದೂರದಲ್ಲಿದ್ದರೆ ಅದೇ ಕೈಗೆ ಐದನೆಯ ಒಂದು ಪಾಲಿನಷ್ಟೂ ಹೆಚ್ಚಾಗುವುದಿಲ್ಲ. ಸೂರ್ಯನಂತೂ ಕೈ ಚಾಚಿದ್ದಕ್ಕೆ ಹತ್ತಿರವಾಗುವವನಲ್ಲ. ಆದ್ದರಿಂದ ಬಿಸಿಲಾಗಿ ನಟಿಸಬೇಕಾದ ದೀಪ ಕೊಠಡಿ ಬಿಟ್ಟಷ್ಟು ದೂರದಲ್ಲಿರಬೇಕು. ನಮ್ಮ ಬೇಕಲದ ಸಂಜೆಗೆ 12 ಅಡಿ ದೂರದಲ್ಲಿ, ಕ್ಯಾಮೆರಾದ ಎಡಗಡೆ, ಮುಖಕ್ಕಿಂತ ಸುಮಾರು 3 ಅಡಿ ಮೇಲೆ ಇಟ್ಟ ದೀಪ ಸರಿಹೋಗುತ್ತದೆ.

ಯಕ್ಷಗಾನ ವೇಷವನ್ನು ಹಸಿರು ಪರದೆಯ ಮುಂದೆ ನಿಲ್ಲಿಸುವವರಿಗೆ ಇನ್ನೊಂದು ಮಾತು. ಕಿರೀಟ, ಭುಜಕೀರ್ತಿಗಳ ಬೇಗಡೆ ಕನ್ನಡಿಯಂತೆ ಹಸಿರನ್ನು ಪ್ರತಿಫಲಿಸಿ ಹೊಳೆಯುತ್ತದೆ, ಅಲ್ಲೆಲ್ಲ ವೇಷಕ್ಕೆ ತೂತು ಬೀಳುತ್ತದೆ. ದಗಲೆ ಎಂಬ ಮೇಲಂಗಿ ಹಸಿರಾಗಿದ್ದರಂತೂ ರಾಜನ ಮೈಯೇ ಮಾಯವಾಗುತ್ತದೆ. ಪೆಟ್ರೋ ವ್ಲಾಹೋಸ್ ಎಂಬ ತಂತ್ರಜ್ಞ ಫಿಲ್ಮ್ ರೀಲಿನ ಕಾಲದಲ್ಲಿ ನೀಲಿ ಪರದೆಗೆಂದು ರೂಪಿಸಿದ ವಿಧಾನದ ತಿರುಳು ಇಂದಿಗೂ ಬಳಕೆಯಲ್ಲಿದೆ. ಅದರಂತೆ ಹಸಿರು ಪರದೆಯಲ್ಲಿ ಪ್ರತಿ ಬಿಂದುವಿನ ಹಸಿರು ಅಂಶವನ್ನು ಕೆಂಪು ಮತ್ತು ನೀಲಿಗಳ ಜೊತೆ ಹೋಲಿಸಲಾಗುತ್ತದೆ, ಹಸಿರು ಎಷ್ಟು ಮಿಗಿಲೋ ಅಷ್ಟು ಆ ಬಿಂದು ಪಾರದರ್ಶಕವಾಗುತ್ತದೆ. ಚರ್ಮದ ಬಣ್ಣದಲ್ಲಿ ಕೆಂಪೇ ಹೆಚ್ಚಾದ್ದರಿಂದ ಮುಖ ಉಳಿಯುತ್ತದೆ, ಹಸಿರು ದಗಲೆ ಉಳಿಯುವುದಿಲ್ಲ. ಅಂತಹ ವೇಷಕ್ಕೆ ನೀಲಿ ಬಟ್ಟೆ ಕಟ್ಟಿ. ಸಾಮಾನ್ಯವಾಗಿ ಹಸಿರೇ ಮೇಲು ಎನ್ನುವುದಕ್ಕೆ ಕಾರಣ, ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳ ಸಂವೇದಕದಲ್ಲಿ ಕೆಂಪು ಅಥವಾ ನೀಲಿಯ ಎರಡರಷ್ಟು ಹಸಿರು ಬಿಂದುಗಳಿರುವುದು. ಕೊಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಅದು.

ಕ್ಯಾಮೆರಾದಲ್ಲಿ ಬಣ್ಣವನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್, ಬೆಳಕಿನ ಪ್ರಮಾಣದ ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ಸೆಕೆಂಡಿಗೆ 25 ಫ್ರೇಮು, ಶಟರ್ ಸೆಕೆಂಡಿನ 50ರಲ್ಲಿ 1 ಪಾಲು ಎಂದಿಟ್ಟರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪಗಳ ಮಿನುಗುವಿಕೆ ಸಾಮಾನ್ಯವಾಗಿ ಕಾಡುವುದಿಲ್ಲ. ಸಾಧ್ಯವಾದರೆ 4ಕೆಯಲ್ಲಿ ಚಿತ್ರೀಕರಿಸಿ ಸಿನಿಮಾವನ್ನು 1080ರಲ್ಲಿ ಮುಗಿಸಿ. ಫೋನುಗಳೂ ಸಾಮಾನ್ಯ ಕ್ಯಾಮೆರಾಗಳೂ ಬಣ್ಣದ ವಿವರವನ್ನು ಹೊಳಪಿನ ಕಾಲುಭಾಗದಷ್ಟೇ ದಾಖಲಿಸುತ್ತವೆ, ಅಂದರೆ 3840 ಅಗಲ 2160 ಎತ್ತರದ ಚಿತ್ರದಲ್ಲಿ ಬಣ್ಣವಿರುವುದು 1920 ಅಗಲ 1080 ಎತ್ತರಕ್ಕೆ ಮಾತ್ರ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದರಿಂದಲೇ. ಚಿತ್ರವನ್ನು 1080ಕ್ಕೆ ಇಳಿಸಿದಾಗ ಪ್ರತಿ ಬಿಂದುವಿಗೂ ಅದರದೇ ಬಣ್ಣ ದೊರೆಯುತ್ತದೆ. ಮತ್ತೆ, ದಯವಿಟ್ಟು ತೆಗೆದ ದೃಶ್ಯಗಳನ್ನು ವಾಟ್ಸ್ಆ್ಯಪ್‌ನಲ್ಲಿ ವೀಡಿಯೋ ಆಗಿ ಕಳಿಸಬೇಡಿ, ಪೆನ್‌ಡ್ರೈವ್‌ನಲ್ಲಿ ಕೊಡಿ. ಇಷ್ಟೆಲ್ಲ ಶ್ರಮಪಟ್ಟು ಉಳಿಸಿದ ಬಣ್ಣ ಒಂದು ಕಳಿಸುವಿಕೆಯಲ್ಲಿ ಹೋಗಿಬಿಡುತ್ತದೆ.

ಈಗ ಫೋನೇ ಹಿನ್ನೆಲೆಯನ್ನು ಕತ್ತರಿಸಿಕೊಡುವಾಗ ಇಷ್ಟೆಲ್ಲ ಏಕೆ ಎಂದು ಅನೇಕ ವಿದ್ಯಾರ್ಥಿಗಳು ಕೇಳುತ್ತಾರೆ. ಕತ್ತರಿಸುವ ಕೆಲಸ ಇನ್ನೂ ಸುಲಭವಾಗಲಿ ಎಂದೇ ನಾನೂ ಬಯಸುತ್ತೇನೆ. ಆದರೆ ಆ ಹುಡುಗಿ ಕೇಳಿದ್ದು ಕತ್ತರಿಯ ಬಗ್ಗೆ ಅಲ್ಲ. ತಪ್ಪು ದಿಕ್ಕಿನಿಂದ ಬೆಳಗಿದ ಮುಖವನ್ನು ಎಷ್ಟು ಚೆನ್ನಾಗಿ ಕತ್ತರಿಸಿದರೂ ಅದು ತಪ್ಪು ದಿಕ್ಕಿನಿಂದ ಬೆಳಗಿದ ಮುಖವಾಗಿಯೇ ಉಳಿಯುತ್ತದೆ.

ದೀಪಗಳೇ ಇಲ್ಲದವರು ಮಳೆಗಾಲವನ್ನು ಬಳಸಿಕೊಳ್ಳಿ. ಮಳೆ ಬಿಟ್ಟು ಮೋಡ ಮಾತ್ರ ದಟ್ಟವಾಗಿ ನಿಂತ ಹೊತ್ತಿನಲ್ಲಿ ಅಡಿಕೆ ಅಂಗಳಕ್ಕೆ ಆಕಾಶವಿಡೀ ಒಂದೇ ಮೃದುವಾದ ದೀಪವಾಗಿರುತ್ತದೆ. ಅಂಗಳದ ಬದಿಯ ಗೋಡೆಗೆ ಬಟ್ಟೆ ಕಟ್ಟಿದರೆ ಸುಕ್ಕು ಕೂಡ ಅಷ್ಟಾಗಿ ನೆರಳು ಬೀರುವುದಿಲ್ಲ. ಆದರೆ ಆ ಬೆಳಕಿಗೆ ಹೊಂದುವುದು ಮೋಡದ ದಿನದ ಹಿನ್ನೆಲೆ ಮಾತ್ರ, ಬೇಕಲದ ಡಿಸೆಂಬರ್ ಸಂಜೆ ಹೊಂದುವುದಿಲ್ಲ. ಹಾಗಾಗಿ ಈ ಸಲ ಆಟಿಯಲ್ಲಿ ನಾವು ಮೊದಲು ಕುಂಬಳೆಯ ಬಳಿಯ ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋಗಿ, ಮೋಡ ಕವಿದ ಮಧ್ಯಾಹ್ನದಲ್ಲಿ ಕೆರೆಯ ಸುತ್ತಲಿನ ಮುರಕಲ್ಲಿನ ಬಯಲನ್ನು ಅಲ್ಲಿನವರ ಒಪ್ಪಿಗೆ ಪಡೆದು ಚಿತ್ರೀಕರಿಸಲಿದ್ದೇವೆ. ಕ್ಯಾಮೆರಾ 5 ಅಡಿ ಎತ್ತರದಲ್ಲಿರುತ್ತದೆ, ಸಮಯವನ್ನು ಒಬ್ಬ ಹುಡುಗ, ದಿಕ್ಕನ್ನು ಒಬ್ಬ ಹುಡುಗಿ ಬರೆದುಕೊಳ್ಳುತ್ತಾರೆ. ಹಸಿರು ಬಟ್ಟೆ ಆ ದಿನ ಶಾಲೆಯ ಕಪಾಟಿನಲ್ಲೇ ಇರುತ್ತದೆ.